ಹದಿಮೂರನೆಯ ಸ್ಥಾನಕ್ಕೆ ನಾವಿಟ್ಟ ಕಥೆ

ಗಾಳಿಕೇರಿ, ಗದಗ
ಗಾಳಿಲೆಕ್ಕದ ೨೧೪ನೆಯ ವರ್ಷ, ಹದಿನಾಲ್ಕನೆಯ ತಿಂಗಳ ಮೂರನೆಯ ದಿನ

ಹಿಂದಿನ ಕಾಲದಲ್ಲಿ ಸಿನಿಮಾಗಳ ಪಟ್ಟಿ ಮಾಡುವ ಹಿರಿಯರೇ,

ಮೇಲಿನ ತಾರೀಖು ನೋಡಿ ದಯವಿಟ್ಟು ಕಾಗದವನ್ನು ಬಿಸಾಡಬೇಡಿ. ನಮ್ಮಲ್ಲಿ ವರ್ಷಕ್ಕೆ ಹದಿನಾಲ್ಕು ತಿಂಗಳು. ಗಾಳಿ ದಿಕ್ಕು ಬದಲಿಸಿದಾಗಲೆಲ್ಲ ಹೊಸ ತಿಂಗಳು ಹುಟ್ಟುತ್ತದೆ. ನಿಮ್ಮ ಎಣಿಕೆಯಲ್ಲಿ ಇದು ಎರಡು ಸಾವಿರದ ಇನ್ನೂರ ಅರವತ್ತರ ಆಸುಪಾಸು. ನನ್ನ ಕನ್ನಡಕ್ಕೂ ಕ್ಷಮೆ ಇರಲಿ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ. ಹೌದು, ಅವು ಇನ್ನೂ ಇವೆ! ಹಳೆಯ ಯಂತ್ರಗಳ ಒಳಗಿನ ಬರಹವೆಲ್ಲ ಇಂಗ್ಲಿಷಿನಲ್ಲಿರುವುದರಿಂದ ಯಂತ್ರ ಮುಟ್ಟುವವರೆಲ್ಲ ಅದನ್ನು ಕಲಿಯಲೇಬೇಕು. ಅಚ್ಚಿನ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಸಿನಿಮಾಗಳ ಕೆಳಗೆ ಓಡುವ ಅಕ್ಷರಗಳಿಂದ. ಹಾಗಾಗಿ ಎಲ್ಲಾದರೂ ನನ್ನ ವಾಕ್ಯ ಸೂಪರ್‌ಹೀರೊ ಮಾತಾಡಿದಂತೆ ಕೇಳಿಸಿದರೆ ನಕ್ಕು ಮುಂದೆ ಓದಿ.

ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕಾಲದ ಸೂಪರ್‌ಹೀರೊ ಸಿನಿಮಾಗಳಾದ ಸಿಡಿಲವ್ವ ಲೋಕದ ಹದಿಮೂರು ಕಥೆಗಳಲ್ಲಿ ‘ಹಾರದ ದಿನಗಳು’ ಎಂಬ ಆರು ಕಂತುಗಳ ಸೀರೀಸ್ ಇತ್ತಲ್ಲ, ಅದು ಈಗ ಇಲ್ಲ. ನಾನೂ ನನ್ನ ಗಂಡನೂ ಸೇರಿ, ನಗುನಗುತ್ತಾ, ಅದನ್ನು ಅಳಿಸಿಬಿಟ್ಟೆವು. ಕೊನೆಯ ಎರಡು ಕಂತುಗಳನ್ನು ನಾವು ನೋಡಿಯೇ ಇರಲಿಲ್ಲ. ಅವುಗಳಲ್ಲಿ ಏನಾಯಿತೆಂದು ನನ್ನ ಗಂಡನಿಗೆ ತಿಳಿಯಬೇಕಾಗಿದೆ. ಅದನ್ನು ಹೇಳಬಲ್ಲವರು ಈ ಕಾಲದಲ್ಲಿ ಒಬ್ಬರೂ ಇಲ್ಲ.

ನನ್ನ ಗಂಡನ ಹೆಸರು ಕಲ್ಲಿನಾಥ. ಬರೆಯುವಾಗಲೇ ನಗು ಬರುತ್ತಿದೆ, ನೋಡಿ! ನಮ್ಮ ಮದುವೆಯಾಗಿ ಇವತ್ತಿಗೆ ಎಪ್ಪತ್ತೊಂದು ದಿನ. ಬಿಸಿಲಿನ ತಾಪ ತಪ್ಪಿಸಲು ನಮ್ಮ ಮನೆಗಳನ್ನು ಅರ್ಧ ಆಳು ನೆಲದೊಳಗೆ ಕಟ್ಟುತ್ತಾರೆ, ಕಿಟಕಿ ಬೀದಿಯ ಮಟ್ಟಕ್ಕಿರುತ್ತದೆ. ಅದರಿಂದ ಕಾಣುವುದು ಹೋಗಿಬರುವವರ ಕಾಲು ಮಾತ್ರ. ಮದುವೆಯಾದ ಮೂರನೆಯ ದಿನಕ್ಕೇ ನಾನು ಇಡೀ ಬೀದಿಯ ಕಾಲುಗಳ ನಡುವೆ ಅವರ ಕಾಲನ್ನು ಗುರುತಿಸುತ್ತಿದ್ದೆ. ರೊಟ್ಟಿ ಹಂಚಿನ ಮೇಲೇ ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ. ಎಷ್ಟು ರೊಟ್ಟಿ ಸುಟ್ಟೆನೋ! ಅವರು ಗಾಳಿಗಂಬ ಏರುವ ಕೆಲಸದವರು. ಊರಿಗೆ ಕರೆಂಟು ಕೊಡುವ ರೆಕ್ಕೆಗಳು ಕಂಬದ ತುದಿಯಲ್ಲಿರುತ್ತವೆ, ಕೆಟ್ಟರೆ ಹತ್ತಿ ಸರಿಮಾಡಬೇಕು. ಕಳೆದ ವರ್ಷ, ನಮ್ಮ ನಿಶ್ಚಯಕ್ಕೂ ಮುಂಚೆ, ಅವರು ಮೇಲಿನಿಂದ ಬಿದ್ದರು. ಮೂಳೆ ಕೂಡಿದೆ, ಆದರೆ ಬಲಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಗಾಳಿಸಂಘದವರು ಒಂದು ವರ್ಷದ ಗಡುವು ಕೊಟ್ಟಿದ್ದಾರೆ: ಈ ತಿಂಗಳ ಇಪ್ಪತ್ತೊಂದನೆಯ ದಿನದೊಳಗೆ ಮತ್ತೆ ಏರುತ್ತೇನೆ ಎಂದೋ, ಕೆಳಗಿನ ಕೆಲಸ ಸಾಕು ಎಂದೋ ಅರ್ಜಿ ಬರೆದು ಕೊಡಬೇಕು. ನನ್ನ ಗಂಡ ಈ ವಿಷಯವನ್ನು ನನ್ನ ಮುಂದೆ ಎತ್ತುತ್ತಿರಲಿಲ್ಲ. ಹೊಸ ಹೆಂಡತಿ ಮಂಕಾಗಬಾರದು ಎಂದು. ನಾನೂ ಕೇಳುತ್ತಿರಲಿಲ್ಲ, ಹೊಸ ಗಂಡನಿಗೆ ಬೇಸರವಾಗಬಾರದು ಎಂದು.

ಈಗ ನಮ್ಮೂರಿನ ಪದ್ಧತಿಯ ಬಗ್ಗೆ ಹೇಳಬೇಕು. ನಿಮ್ಮ ಕಾಲದಿಂದ ಉಳಿದು ಬಂದ ಸಿನಿಮಾಗಳನ್ನು ನಾವು ಚಿತ್ರಕಣಜ ಎಂಬ ತಂಪು ಕೋಣೆಯಲ್ಲಿ ಗಾಜಿನ ತಟ್ಟೆಗಳ ಮೇಲೆ ಇಟ್ಟಿದ್ದೇವೆ. ಹನ್ನೆರಡು ವರ್ಷಕ್ಕೆ ತಟ್ಟೆ ಮಸುಕಾಗುತ್ತದೆ. ಆಗ ಹೊಸದಾಗಿ ಎರಕ ಹೊಯ್ದು ನಕಲು ತೆಗೆಯಬೇಕು. ಎರಕದಲ್ಲಿ ಸ್ವಲ್ಪ ಗಾಜು ಹಾಳಾಗುವುದರಿಂದ ಪ್ರತಿಸಲ ಒಂದು ತಟ್ಟೆ ಕಡಿಮೆಯಾಗುತ್ತದೆ. ನಮ್ಮ ಪಾಲಿಗೆ ಬಂದಾಗ ಸಿಡಿಲವ್ವ ಲೋಕದ್ದು ಹದಿನೇಳು ಕಥೆಗಳಿದ್ದವಂತೆ, ಈ ವರ್ಷದ ಹೊತ್ತಿಗೆ ಹದಿಮೂರು. ಯಾವುದು ಹೋಗಬೇಕೆಂದು ತೀರ್ಮಾನಿಸಲು ಮೊದಲಿನಿಂದ ಕೊನೆಯವರೆಗೆ ಸ್ಥಾನ ಕೊಟ್ಟು ಪಟ್ಟಿ ಮಾಡಬೇಕು, ಕೊನೆಯದನ್ನು ಕರಗಿಸಬೇಕು. ಮೊದಲ ಸಲ ನಮ್ಮೂರ ಹಿರಿಯರೇ ಪಟ್ಟಿ ಮಾಡಲು ಕೂತು ಮೂರು ದಿನ ಕೂಗಾಡಿ, ಇಬ್ಬರು ಜೀವನಪೂರ್ತಿ ಮಾತು ಬಿಟ್ಟರಂತೆ. ಅಂದಿನಿಂದ ಈ ಕೆಲಸವನ್ನು ಊರಿನ ಅತಿ ಹೊಸ ಜೋಡಿಗೆ ಒಪ್ಪಿಸುತ್ತಾರೆ. ಜಗಳವಾಡದವರು ಬೇಕು, ಹೊಸ ಗಂಡ ಹೆಂಡತಿಗಿಂತ ಜಗಳವಾಡದವರು ಯಾರಿದ್ದಾರೆ? ಮೂವತ್ತು ದಿನ, ಪಟ್ಟಿ ಒಂದೇ, ಸಹಿ ಎರಡು. ಮೂರನೆಯವರು ಅಭಿಪ್ರಾಯ ಹೇಳುವಂತಿಲ್ಲ. ಪಟ್ಟಿ ಮಾಡಿದ ಜೋಡಿಗೆ ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆಯಲ್ಲಿ, ಒಂದು ಪತ್ರ ಬರೆಯುವ ಹಕ್ಕು ಸಿಗುತ್ತದೆ. ಸಾಮಾನ್ಯವಾಗಿ ಎಲ್ಲರೂ ಸಿನಿಮಾ ಮಾಡಿದವರಿಗೆ ಧನ್ಯವಾದ ಬರೆಯುತ್ತಾರೆ.

ಆ ಮೂವತ್ತು ದಿನ! ಏನೆಂದು ಹೇಳಲಿ! ಮಧ್ಯಾಹ್ನ ಗಾಳಿ ಎದ್ದು ಕರೆಂಟು ಬಂದೊಡನೆ ಶೇಂಗಾ ಹುರಿದುಕೊಂಡು ಕಣಜಕ್ಕೆ ಓಡುವುದು. ಕಣಜ ಕಾಯುವ ಫಕೀರವ್ವನಿಗೆ ಅರವತ್ತು ದಾಟಿದೆ, ಬಾಯಿಗೆ ಬೀಗವಿಲ್ಲ. ಮೊದಲ ದಿನ ತಟ್ಟೆಯನ್ನು ಯಂತ್ರಕ್ಕಿಡುತ್ತಾ, “ನೋಡವಾ ನೀಲವ್ವ, ಪರದೆ ಈ ಕಡಿಗೈತಿ. ನೀ ನೋಡಾಕ ಹತ್ತಿದ್ದು ಗಂಡನ ಮಾರಿ. ಅದನ್ನ ಮನ್ಯಾಗ ಪುಕ್ಕಟೆ ನೋಡಬಹುದು” ಎಂದಳು. ಇವರು ಕಿವಿಯ ತನಕ ಕೆಂಪಾದರು. ನಾನು ಮಾತ್ರ ಆಮೇಲೂ ಆ ಕಡೆಯೇ ನೋಡಿದೆ.

ಮೊದಲ ಸ್ಥಾನಕ್ಕೆ ಚರ್ಚೆಯೇ ಬೇಕಾಗಲಿಲ್ಲ. ‘ಸಿಡಿಲವ್ವ: ಎರಡನೆಯ ಮಳೆ’! ಬಸ್ ಕಂಡಕ್ಟರ್ ಸಿಡಿಲವ್ವ ಸೇತುವೆಯ ಮೇಲೆ ನಿಂತು, ಬೀಳುವ ಸಿಡಿಲನ್ನು ಟಿಕೆಟ್ ಚೀಲದೊಳಗೆ ಹಿಡಿದು ಜಿಪ್ ಎಳೆಯುತ್ತಾಳಲ್ಲ, ಆಗ ನಾನು ಕಿರುಚಿದ ರೀತಿಗೆ ಫಕೀರವ್ವ ಹೊರಗಿನಿಂದ ಓಡಿಬಂದಳು. ಎರಡನೆಯದು ಹಾರುವ ಮನುಷ್ಯನ ಮೊದಲ ಸಿನಿಮಾ ‘ಬಾನಾಡಿ’. ಮೂರನೆಯದು ‘ಏಳು ಜನ, ಒಂದು ಟೆಂಪೊ’. ಲೋಕ ಉಳಿಸಲು ಹೊರಟ ಏಳು ಸೂಪರ್‌ಹೀರೊಗಳು ಕಿಟಕಿ ಪಕ್ಕದ ಸೀಟಿಗಾಗಿ ಕಿತ್ತಾಡುವುದನ್ನು ನಾವು ಎರಡು ಸಲ ನೋಡಿದೆವು. ‘ಸಿಡಿಲವ್ವನ ಶಾಲೆ’ ಸೀರೀಸನ್ನು ಐದಕ್ಕೆ ಇಟ್ಟದ್ದು ಅದರ ಹಾಡಿಗಾಗಿ, ಕಥೆಗಾಗಿ ಅಲ್ಲ. ‘ಕಪ್ಪು ಮೋಡ’ ಹನ್ನೊಂದು, ಏಕೆಂದರೆ ಪರದೆ ಎಷ್ಟು ಕತ್ತಲೆಂದರೆ ಯಾರು ಯಾರಿಗೆ ಹೊಡೆಯುತ್ತಿದ್ದಾರೆಂದೇ ತಿಳಿಯಲಿಲ್ಲ. ಹನ್ನೆರಡು ‘ಕಬ್ಬಿಣಕಾಯ ಮರಳಿ ಬಂದ’. ಅದರಲ್ಲಿ ನಾಯಕ ಮೂರು ಸಲ ಸಾಯುತ್ತಾನೆ, ಮೂರು ಸಲ ಬದುಕಿ ಬರುತ್ತಾನೆ, ಮೂರು ಸಲವೂ ಅದೇ ಭಾಷಣ. ಆ ಸಿನಿಮಾ ಇವತ್ತೂ ಕಣಜದಲ್ಲಿ ಕ್ಷೇಮವಾಗಿದೆ. ಅದನ್ನು ನೆನೆದರೆ ನನಗೆ ಊಟ ಸೇರುವುದಿಲ್ಲ.

ಇಪ್ಪತ್ತಮೂರನೆಯ ದಿನ ‘ಹಾರದ ದಿನಗಳು’ ಹಚ್ಚಿದೆವು. ಕಣಜದಲ್ಲಿ ನಿಮ್ಮ ಕಾಲದ್ದೇ ಒಂದು ಪಟ್ಟಿ ಉಳಿದಿದೆ. ನಿಮ್ಮಂಥ ಯಾರೋ ಒಬ್ಬರು ಇಡೀ ಸಿಡಿಲವ್ವ ಲೋಕಕ್ಕೆ ಸ್ಥಾನ ಕೊಟ್ಟು ಬರೆದದ್ದು. ಅದರಲ್ಲಿ ಈ ಸೀರೀಸ್ ಕಟ್ಟಕಡೆಗಿತ್ತು. ಪಕ್ಕದಲ್ಲಿ, “ಯಾರೂ ಹಾರುವುದಿಲ್ಲ, ಯಾರೂ ಹೊಡೆದಾಡುವುದಿಲ್ಲ. ಟೈಮ್ ವೇಸ್ಟ್” ಎಂದಿತ್ತು. ಅದನ್ನು ಓದಿಕೊಂಡೇ ನಾವು ಕೂತದ್ದು.

ನೀವು ನೋಡಿರುತ್ತೀರಿ, ಆದರೂ ಹೇಳುತ್ತೇನೆ, ಏಕೆಂದರೆ ಇದನ್ನು ಇನ್ನೊಬ್ಬರಿಗೆ ಹೇಳುವುದಷ್ಟೇ ನನ್ನ ಕೈಯಲ್ಲಿ ಉಳಿದಿದೆ. ಒಂದು ಬೆಳಿಗ್ಗೆ ಹಾರುವ ಮನುಷ್ಯ ಬಾನಾಡಿ ಎದ್ದಾಗ ನೆಲ ಬಿಟ್ಟು ಮೇಲೇಳಲು ಆಗುವುದಿಲ್ಲ. ಏಟಿಲ್ಲ, ಶಾಪವಿಲ್ಲ, ಕಾರಣವಿಲ್ಲ. ಅವನು ಒಬ್ಬ ಟೇಲರ್ ಅಂಗಡಿಯ ಮೇಲಿನ ಕೋಣೆಯನ್ನು ಬಾಡಿಗೆ ಹಿಡಿಯುತ್ತಾನೆ. ಬಸ್ಸಿಗೆ ಕಾಯುವುದನ್ನು ಕಲಿಯುತ್ತಾನೆ. ಮೊದಲ ದಿನ ಕ್ಯೂ ಎಂದರೇನೆಂದು ತಿಳಿಯದೆ ಮುಂದೆ ಹೋಗಿ ನಿಂತು ಒಬ್ಬ ಮುದುಕಿಯಿಂದ ಬೈಸಿಕೊಳ್ಳುತ್ತಾನೆ. ಎರಡನೆಯ ಕಂತಿನಲ್ಲಿ ಅವನು ಊರನ್ನು ಮೊದಲ ಬಾರಿಗೆ ಕೆಳಗಿನಿಂದ ನೋಡುತ್ತಾನೆ. ಮೇಲಿನಿಂದ ಬರೀ ಚೌಕವಾಗಿ ಕಂಡಿದ್ದ ಮನೆಗಳಿಗೆ ಬಾಗಿಲುಗಳಿವೆ ಎಂದು ಅವನ ಮುಖಕ್ಕೆ ಗೊತ್ತಾಗುವ ಗಳಿಗೆ ಒಂದಿದೆ. ನಾಲ್ಕನೆಯ ಕಂತಿನಲ್ಲಿ ಕೆಲಸಕ್ಕೆ ಅರ್ಜಿ ತುಂಬುತ್ತಾನೆ. ‘ಹಿಂದಿನ ಉದ್ಯೋಗ’ ಎಂಬ ಕಡೆ ಪೆನ್ನು ನಿಂತುಬಿಡುತ್ತದೆ. ತುಂಬಾ ಹೊತ್ತಿನ ನಂತರ ‘ಎತ್ತರದ ಕೆಲಸ’ ಎಂದು ಬರೆಯುತ್ತಾನೆ. ಗುಮಾಸ್ತ ಓದಿ, “ಏನಪ್ಪಾ, ಪೇಂಟರ್ರಾ?” ಎನ್ನುತ್ತಾನೆ. “ಹ್ಞೂಂ, ಒಂಥರಾ ಹಂಗೇ” ಎನ್ನುತ್ತಾನೆ ಬಾನಾಡಿ. ಆ ಸಂಜೆ ತಾರಸಿಯ ಮೆಟ್ಟಿಲಿನ ಮೊದಲ ಹಂತದ ಮೇಲೆ ಕಾಲಿಡುತ್ತಾನೆ. ಅಲ್ಲಿಗೆ ನಾಲ್ಕನೆಯ ಕಂತು ಮುಗಿಯುತ್ತದೆ.

ನಾನು ಅಳುತ್ತಿದ್ದೆ. ಗಂಡನಿಗೆ ಕಾಣಬಾರದೆಂದು ಮುಖವನ್ನು ಗೋಡೆಯ ಕಡೆ ತಿರುಗಿಸಿ, ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದೆ. ಅವರಿಗೆ ತಮ್ಮ ಕಂಬ ನೆನಪಾಗಿ ನೋವಾಗುತ್ತಿರಬೇಕು, ನಾನು ಬೇರೆ ಅತ್ತರೆ ಹೇಗೆ ಎನಿಸಿತು. ಅವರು ಶೇಂಗಾ ತಿನ್ನುವುದನ್ನು ನಿಲ್ಲಿಸಿ ಕಲ್ಲಿನಂತೆ ಕೂತಿದ್ದರು.

“ನೀಲಾ, ನಿದ್ದಿ ಬಂತೇನು?” ಎಂದರು.

“ಇಲ್ಲರೀ. ನಿಮಗ ಬ್ಯಾಸರಾತೇನು?”

“ನನಗೇನಿಲ್ಲ. ನಿನಗ ಬೋರ್ ಆಗಿದ್ರ ನಿಲ್ಲಸೂಣು.”

“ನಿಮಗ ಹೆಂಗ ಅನಸ್ತೈತಿ ಹಂಗ ಮಾಡ್ರಿ.”

“ನನಗ ಎರಡೂ ಒಂದ. ನೀ ಹೇಳು.”

“ಹಂಗಾದ್ರ… ನಾಳಿಗೆ ಬ್ಯಾರೆ ಹಚ್ಚೂಣ ತಗೋರಿ.”

ಫಕೀರವ್ವ ತಟ್ಟೆ ತೆಗೆಯಲು ಬಂದವಳು ಒಂದು ಕ್ಷಣ ನಿಂತು, “ಇನ್ನ ಎರಡು ಅದಾವು” ಎಂದಷ್ಟೇ ಅಂದಳು. ಅದಕ್ಕಿಂತ ಹೆಚ್ಚು ಹೇಳುವಂತಿರಲಿಲ್ಲ. ಇವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರೂ ನಕ್ಕೆವು. ಎಷ್ಟು ಚೆಂದದ ಜೋಡಿ!

ಪಟ್ಟಿ ಬರೆಯುವ ದಿನ ಹದಿಮೂರನೆಯ ಸ್ಥಾನದ ಹತ್ತಿರ ಬಂದಾಗ ಎರಡೇ ಹೆಸರು ಉಳಿದಿದ್ದವು. ಕಬ್ಬಿಣಕಾಯನೋ, ಹಾರದ ದಿನಗಳೋ. ಪೆನ್ನು ನನ್ನ ಕೈಯಲ್ಲಿತ್ತು. “ಕಬ್ಬಿಣಕಾಯ ನಿನಗ ಭಾಳ ಸೇರಿತ್ತಲ್ಲ, ನಕ್ಕ ನಕ್ಕ ಸುಸ್ತಾಗಿದ್ದಿ” ಎಂದರು ಇವರು. ನಾನು ನಕ್ಕದ್ದು ಸಿನಿಮಾ ಅಷ್ಟು ಕೆಟ್ಟದ್ದಾಗಿತ್ತೆಂದು! ಆದರೆ ಅವರಿಗೆ ಅದು ಇಷ್ಟವಾಗಿದೆ, ಅದಕ್ಕೇ ನನ್ನ ಹೆಸರು ಹೇಳುತ್ತಿದ್ದಾರೆ ಎಂದುಕೊಂಡೆ. “ಹೌದ್ರೀ, ಅದು ಇರಲಿ” ಎಂದೆ. ಹೀಗೆ ನಾನು ಅವರಿಗಾಗಿ, ಅವರು ನನಗಾಗಿ, ಇಬ್ಬರಿಗೂ ಬೇಡವಾದದ್ದನ್ನು ಉಳಿಸಿಕೊಂಡೆವು. ಅಕ್ಷರ ಕೂಡ ದುಂಡಗೆ ಬರೆದೆ. ಮರುದಿನ ಊರವರು ಸಿಹಿ ಹಂಚಿದರು, ಒಂದು ಮಾತೂ ಎದುರಾಡದೆ ಪಟ್ಟಿ ಮುಗಿಸಿದ ಜೋಡಿ ಇದೇ ಮೊದಲೆಂದು ಹೊಗಳಿದರು. ಹದಿಮೂರನೆಯ ತಟ್ಟೆ ಕುಲುಮೆಗೆ ಹೋಯಿತು.

ಎಂಟು ದಿನಗಳ ನಂತರ, ಬೆಳಿಗ್ಗೆ, ರೊಟ್ಟಿ ಮುಚ್ಚುವ ಬಟ್ಟೆ ಹುಡುಕುತ್ತಾ ಅವರ ಪೆಟ್ಟಿಗೆ ತೆಗೆದೆ. ಮೇಲೆಯೇ ಗಾಳಿಸಂಘದ ಅರ್ಜಿ ಇತ್ತು. ಹೆಸರು, ಕೇರಿ, ವಯಸ್ಸು ಎಲ್ಲ ತುಂಬಿದ್ದರು. ‘ಈವರೆಗಿನ ಉದ್ಯೋಗ’ ಎಂಬ ಕಡೆ ‘ಎತ್ತರದ ಕೆಲಸ’ ಎಂದಿತ್ತು. ಅದರ ಕೆಳಗಿನ ಪ್ರಶ್ನೆ, ಮತ್ತೆ ಏರುವಿರಾ ಎಂಬುದು, ಖಾಲಿ ಇತ್ತು.

ಕಾಗದ ಹಿಡಿದು ಹೊರಗೆ ಬಂದೆ. ಅವರು ಹಲ್ಲುಜ್ಜುತ್ತಿದ್ದರು.

“ಇದ ಯಾಕ ಹಿಂಗ ಬರದೀರಿ?” ಎಂದೆ.

ಅವರು ಬಾಯಿ ತೊಳೆದು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡರು. “ಬ್ಯಾರೆ ಏನ ಬರೀಬೇಕಂತ ತಿಳೀಲಿಲ್ಲ. ಅವಾ ಬರದಿದ್ದು ಛಲೋ ಅನಸ್ತು” ಎಂದರು.

“ನಿಮಗ ಅದು ಸೇರಿತ್ತಾ?”

“ಸೇರಿತ್ತಾ ಅಂದ್ರ? ಹದಿಮೂರರಾಗ ಅದೊಂದ ನನಗ ಸೇರಿದ್ದು. ಅವಾ ಮೆಟ್ಟಲಾ ಏರಿ ಏನ ಮಾಡಿದಾ ಅಂತ ದಿನಾ ವಿಚಾರ ಮಾಡ್ತೀನಿ. ನೀ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ದಿಯಲ್ಲ, ಅದಕ್ಕ ಸುಮ್ಮನಾದೆ.”

“ನಾ ಅಳಾಕ ಹತ್ತಿದ್ದೆರೀ!”

ಅವರು ನನ್ನನ್ನೇ ನೋಡಿದರು. “ಹೇಳಬಾರದಾ ಮತ್ತ?”

“ನೀವು ಹೇಳಬಾರದಾ?”

ಅದು ನಮ್ಮ ಮೊದಲ ಜಗಳ. ಎಂಟು ದಿನ ತಡವಾಗಿ ಬಂತು. ಜಗಳವಾಡುತ್ತಲೇ ಕಣಜಕ್ಕೆ ಓಡಿದೆವು. ದಾರಿಯುದ್ದಕ್ಕೂ ಕಿಟಕಿಗಳೊಳಗಿನಿಂದ ಜನ ನಮ್ಮ ಕಾಲುಗಳನ್ನು ನೋಡಿರಬೇಕು. ಫಕೀರವ್ವ ಕಸ ಗುಡಿಸುತ್ತಿದ್ದಳು. ನಾವು ಹೇಳಿದ್ದನ್ನೆಲ್ಲ ಕೇಳಿ ಪೊರಕೆಯನ್ನು ಗೋಡೆಗೆ ಒರಗಿಸಿದಳು.

“ಅದರ ಗಾಜು ಎಲ್ಲಿಗೆ ಹೋತು ಗೊತ್ತೈತೇನು? ಕಬ್ಬಿಣಕಾಯನ ತಟ್ಟಿಗೆ ಕಡಿಮಿ ಬಿದ್ದಿತ್ತು, ಅದಕ್ಕ ಕೂಡಿಸಿದ್ರು.”

“ನೀ ನೋಡೀಯಲ್ಲ ಫಕೀರವ್ವ? ಕಡೀಕೆ ಏನಾತು? ಈಗ ಹೇಳಬಹುದಲ್ಲ?” ಎಂದು ಇವರು ಕೇಳಿದರು.

“ತಟ್ಟಿ ಇಡೂದು ನನ್ನ ಕೆಲಸ ತಮ್ಮಾ. ಇಟ್ಟು ಹೊರಗ ಬಂದು ಕುಂದರತೀನಿ. ಒಳಗ ಕುಂತು ನೋಡೂದು ಜೋಡಿ ಕೆಲಸ.” ಆಮೇಲೆ ಅವಳು ಹಿಂದಿನ ಪಟ್ಟಿಗಳ ಕಟ್ಟು ತೆಗೆದು ತೋರಿಸಿದಳು. ಹನ್ನೆರಡು ವರ್ಷದ ಹಿಂದಿನ ಜೋಡಿ ಅದನ್ನು ಹದಿಮೂರಕ್ಕಿಟ್ಟಿತ್ತು, ಆಗ ಹದಿನಾಲ್ಕಿದ್ದವು. ಪಕ್ಕದಲ್ಲಿ ಸಣ್ಣಗೆ, “ಮೂರು ಕಂತು ನೋಡಿದೆವು” ಎಂದಿತ್ತು. ಅದಕ್ಕೂ ಹಿಂದಿನ ಜೋಡಿಗಳದು, “ಎರಡು”, “ಒಂದು.” ಊರ ಪರದೆಯ ಮೇಲೆ ತೋರಿಸುವುದು ಮೊದಲ ಐದನ್ನು ಮಾತ್ರ. ಅಂದರೆ ಹಿರಿಯರ ಆ ಮೊದಲ ಪಟ್ಟಿಯಾದ ಮೇಲೆ, ನಮ್ಮೂರಿನಲ್ಲಿ ನಲವತ್ತೆಂಟು ವರ್ಷಗಳಿಂದ ಯಾರೂ ಆ ಕಥೆಯ ಕೊನೆ ನೋಡಿರಲಿಲ್ಲ. ಎಲ್ಲ ಜೋಡಿಗಳೂ ನಮ್ಮಂತೆಯೇ ಒಬ್ಬರನ್ನೊಬ್ಬರು ಬೇಸರದಿಂದ ಕಾಪಾಡಿದವೋ ಏನೋ.

ಬೇರೆ ಊರುಗಳ ಕಣಜಗಳಲ್ಲೂ ವಿಚಾರಿಸಿದೆವು. ಹುಬ್ಬಳ್ಳಿಯಲ್ಲಿ ಸಿಡಿಲವ್ವ ಲೋಕದ್ದು ನಾಲ್ಕೇ ಉಳಿದಿವೆ, ಅವುಗಳಲ್ಲಿ ಇದಿಲ್ಲ. ಬಳ್ಳಾರಿಯಲ್ಲಿ ಒಂದು, ಅದು ಯಾವುದೆಂದು ನಿಮಗೆ ಊಹೆಯಾಗಿರಬಹುದು. ಜಿಪ್ ಎಳೆಯುವ ಸದ್ದಿಗೆ ಈಗಲೂ ಮೈ ಜುಮ್ಮೆನ್ನುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಆ ಸಿನಿಮಾ ಎಲ್ಲಿ ಹೋದರೂ ಬದುಕಿಕೊಳ್ಳುತ್ತದೆ. ಅದಕ್ಕೆ ನಮ್ಮ ಸಹಿ ಬೇಕಾಗಿರಲಿಲ್ಲ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಪಟ್ಟಿ ಮಾಡುವ ಖುಷಿ ನನಗೆ ಗೊತ್ತು, ಇದು ಮೇಲೆ ಅದು ಕೆಳಗೆ ಎಂದು ವಾದಿಸುವ ಖುಷಿಯೂ ಗೊತ್ತು. ನಿಮ್ಮ ಕಾಲದಲ್ಲಿ ಕೊನೆಯ ಸ್ಥಾನವೆಂದರೆ ಬರೀ ಒಂದು ಅಂಕಿ. ಬೇಕಾದವರು ಮತ್ತೆ ಹೋಗಿ ನೋಡಬಹುದು. ನಮ್ಮ ಕಾಲಕ್ಕೆ ಬರುವ ಹೊತ್ತಿಗೆ ಅದು ಕುಲುಮೆಯಾಗಿತ್ತು. ಅಷ್ಟು ದೂರ ನಿಮಗೆ ಕಾಣುವುದು ಸಾಧ್ಯವಿರಲಿಲ್ಲ. ನಮಗೆ ಕಾಣುತ್ತಿತ್ತು, ಪಕ್ಕದಲ್ಲೇ ಕೂತಿದ್ದೆವು.

ಈಗ ನನ್ನ ಬೇಡಿಕೆ. ನಿಮ್ಮಲ್ಲಿ ಯಾರಾದರೂ ‘ಹಾರದ ದಿನಗಳು’ ಸೀರೀಸಿನ ಐದನೆಯ ಮತ್ತು ಆರನೆಯ ಕಂತನ್ನು ಕೂತು ನೋಡಿ. ನೋಡಿದ್ದನ್ನು ಬರೆಯಿರಿ: ಮೆಟ್ಟಿಲು ಹತ್ತಿ ಅವನು ಏನು ಮಾಡಿದ, ಆ ಕೆಲಸ ಸಿಕ್ಕಿತೇ, ಮುದುಕಿ ಮತ್ತೆ ಬಂದಳೇ, ಅವನ ಮುಖ ಹೇಗಿತ್ತು. ಕಾಗದವನ್ನು ನಿಮ್ಮ ಒಂದು ಸ್ಟೀಲ್ ಊಟದ ಡಬ್ಬಿಯೊಳಗೆ ಇಟ್ಟು ಮುಚ್ಚಳ ಬಿಗಿಯಿರಿ. ಆ ಡಬ್ಬಿಗಳು ಎಂಥ ಗಟ್ಟಿ ಎಂದರೆ, ನಮ್ಮ ಹೊಲಗಳಲ್ಲಿ ನೇಗಿಲಿಗೆ ಸಿಕ್ಕಾಗ ಒಳಗೆ ಒಂದು ಹನಿ ನೀರೂ ಇಳಿದಿರುವುದಿಲ್ಲ. ಕಪ್ಪತಗುಡ್ಡದ ಪೂರ್ವದ ಬುಡದಲ್ಲಿ ಮೂರು ಬಂಡೆಗಳು ಒಂದರ ಮೇಲೊಂದು ಕುಳಿತಿವೆ. ಅವುಗಳ ನೆರಳು ಬೆಳಿಗ್ಗೆ ಬೀಳುವ ಕಡೆ ಎರಡು ಮೊಳ ಆಳಕ್ಕೆ ಹೂಳಿ. ಈ ಪತ್ರವನ್ನು ಹಿಂದಂಚೆಗೆ ಹಾಕಿದ ಮರುದಿನ ನಾವಿಬ್ಬರೂ ಗುದ್ದಲಿ ತೆಗೆದುಕೊಂಡು ಹೋಗುತ್ತೇವೆ. ಅವರು ಎಡಗೈಯಲ್ಲಿ ಅಗೆಯುತ್ತಾರಂತೆ. ಅರ್ಜಿ ಕೊಡಲು ಇನ್ನೂ ಹದಿನೆಂಟು ದಿನಗಳಿವೆ. ಬಾನಾಡಿ ಮಾಡಿದಂತೆಯೇ ತಾವು ಮಾಡಬೇಕೆಂದೇನಿಲ್ಲ, ಆದರೆ ಅವನು ಏನು ಮಾಡಿದ ಅಂತ ಗೊತ್ತಿರಬೇಕು ಎನ್ನುತ್ತಾರೆ. ಹಾಗೆ ಕಾಯುವವರ ಪಕ್ಕದಲ್ಲಿ ಕೂತಿರುವುದು ಎಷ್ಟು ಕಷ್ಟವೆಂದು ನನಗೆ ಮದುವೆಗೆ ಮುಂಚೆ ತಿಳಿದಿರಲಿಲ್ಲ.

ಇನ್ನೊಂದು ಮಾತು. ನೀವು ಒಳ್ಳೆಯವರು, ನಮ್ಮ ಕಥೆ ಕೇಳಿ ನಿಮಗೆ ಮರುಕ ಬರಬಹುದು. ಅವನು ಹಾರಿದ್ದರೆ ಹಾರಿದ ಎಂದು ಬರೆಯಿರಿ. ಕೊನೆಯವರೆಗೂ ನೆಲದ ಮೇಲೇ ಉಳಿದಿದ್ದರೆ, ಉಳಿದ ಎಂದೇ ಬರೆಯಿರಿ. ನಮಗೆ ನೋವಾಗದಿರಲಿ ಎಂದು ಒಂದು ಅಕ್ಷರವನ್ನೂ ಬದಲಿಸಬೇಡಿ.

ನಿಮ್ಮ ಇನ್ನೂ ಹುಟ್ಟದ,
ನೀಲಾಂಬಿಕಾ